ಎಂಟು ವರ್ಷದ ಷರತ್ತು

ಈ ವರ್ಷ ನಮ್ಮ ಮನೆಯಲ್ಲಿ ಇಬ್ಬರಿಗೆ ಬೋರ್ಡ್ ಪರೀಕ್ಷೆ. ನನಗೆ ದ್ವಿತೀಯ ಪಿಯುಸಿ, ನನ್ನ ತಮ್ಮನಿಗೆ ಎಸ್ಸೆಸ್ಸೆಲ್ಸಿ. ನನ್ನ ದಾರಿ ಎರಡು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ಕಾಮರ್ಸ್ ಓದುತ್ತೇನೆ ಎಂದಾಗ ಅಬ್ಬಾ ಒಂದೇ ಮಾತಿಗೆ ಒಪ್ಪಿದ್ದರು. ತಮ್ಮನದು ಹಾಗಾಗಲಿಲ್ಲ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನು, ತಾನು ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡು ಹಿಂದೂಸ್ತಾನಿ ಸಂಗೀತವನ್ನು ಒಂದು ವಿಷಯವಾಗಿ ಓದುತ್ತೇನೆ, ಅದಕ್ಕೆ ಧಾರವಾಡಕ್ಕೆ ಹೋಗುತ್ತೇನೆ ಎಂದ. ದಾದಿ ಕೈಯಲ್ಲಿದ್ದ ತಸ್ಬೀ ನಿಲ್ಲಿಸಿದರು. ಅಮ್ಮಿ ಮೊದಲು ಊಟ ಮುಗಿಸು ಎಂದರು. ಅಬ್ಬಾ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ನಮಗೆ ಹೆಚ್ಚು ಭಯ.

ಮರುದಿನ ಅಬ್ಬಾ ನನ್ನನ್ನು ಕರೆದರು. ನೀನು ಲೆಕ್ಕಶಾಸ್ತ್ರ ಓದುತ್ತೀಯ, ಅವನು ನಿನ್ನ ಮಾತು ಕೇಳುತ್ತಾನೆ, ಲಾಭ ನಷ್ಟ ಬರೆದು ತೋರಿಸು ಎಂದರು. ಸಂಗೀತ ಹಿಡಿದು ಓದು ಬಿಟ್ಟವನ ಗತಿ ಏನಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಬೇಕಾಗಿತ್ತು. ನಮ್ಮ ಕನ್ನಡ ಉಪನ್ಯಾಸಕರನ್ನು ಕೇಳಿದೆ. ಅವರು ನಕ್ಕು, ನಮ್ಮ ಭಾಗದ ಹಿಂದೂಸ್ತಾನಿ ಗಾಯಕರ ಬಗ್ಗೆ ಒಂದು ಪುಸ್ತಕ ಕೊಟ್ಟರು. ಅದರಲ್ಲಿ ನನಗೆ ಸಿಕ್ಕವರು ಸವಾಯಿ ಗಂಧರ್ವರು. ಹೈಸ್ಕೂಲು ವಯಸ್ಸಿನಲ್ಲಿ ಶಾಲೆ ಬಿಟ್ಟು ಸಂಗೀತಕ್ಕೆ ಹೋದ ಹುಡುಗ. ನನಗೆ ಬೇಕಾದ ಉದಾಹರಣೆ ಸಿಕ್ಕಿತು ಅಂದುಕೊಂಡೆ. ಪೂರ್ತಿ ಓದಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಚಂದ್ರ. ಮನೆಯವರು, ಊರವರು ರಾಮಭಾವು ಎನ್ನುತ್ತಿದ್ದರು. 1886ರ ಜನವರಿ 19ರಂದು ಕುಂದಗೋಳದಲ್ಲಿ ಹುಟ್ಟಿದರು. ಕುಂದಗೋಳ ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಮುಂಡಗೋಡದಿಂದ ಹುಬ್ಬಳ್ಳಿಗೆ ಹೋಗುವ ನಮ್ಮವರಿಗೆ ಅದು ದೂರದ ಊರೇನಲ್ಲ. ಈಗ ಅದು ಧಾರವಾಡ ಜಿಲ್ಲೆಯ ತಾಲ್ಲೂಕು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾವ್ ಅಲ್ಲಿಯ ನಾಡಗೀರ ಮನೆತನದ ಜಮೀನುದಾರರಲ್ಲಿ ಕಾರಕೂನರಾಗಿದ್ದರು. ಅಂದರೆ ಲೆಕ್ಕ ಬರೆಯುವ ಕೆಲಸ. ಇದನ್ನು ಓದಿದಾಗ ನನಗೆ ಸ್ವಲ್ಪ ನಗು ಬಂತು. ಕಾರಕೂನರ ಮನೆಯಲ್ಲೂ ಮಗ ಓದಿ ಒಂದು ನೌಕರಿ ಹಿಡಿಯಲಿ ಎಂಬ ಆಸೆಯೇ ಇದ್ದಿರಬೇಕು. ರಾಮಭಾವು ಊರಲ್ಲಿ ಓದಿ, ಮುಂದಿನ ಓದಿಗೆ ಹುಬ್ಬಳ್ಳಿಯ ಶಾಲೆಗೆ ಸೇರಿದ. ಆದರೆ ಮನಸ್ಸು ಪಾಠದಲ್ಲಿ ನಿಲ್ಲಲಿಲ್ಲ.

ಆ ಮೊದಲೇ ಅವನಿಗೆ ಹಾಡಿನ ರುಚಿ ಹತ್ತಿತ್ತು. ಬಲವಂತರಾವ್ ಕೊಲ್ಹಟ್ಕರ್ ಎಂಬುವರಲ್ಲಿ ಕೆಲವು ಕಾಲ ಧ್ರುಪದ, ತರಾನಾಗಳನ್ನು ಬಾಯಿಪಾಠ ಮಾಡಿದ್ದ. 1898ರಲ್ಲಿ ಅವರು ತೀರಿಕೊಂಡರು. ಆಗ ಹುಡುಗನಿಗೆ 12 ವರ್ಷ. ಕಲಿಸುವವರು ಹೋದ ಮೇಲೆ ಕಲಿತದ್ದನ್ನು ಮರೆಯುವ ಮಕ್ಕಳೇ ಹೆಚ್ಚು. ಇವನು ಮರೆಯಲಿಲ್ಲ.

ಆಗ ಬಂದವರು ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರು. ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು 1872ರಲ್ಲಿ ದಿಲ್ಲಿಯ ಆಚೆಯ ಕೈರಾನಾ ಎಂಬ ಊರಿನ ಗಾಯಕರ ಮನೆತನದಲ್ಲಿ ಹುಟ್ಟಿದವರು. ಆ ಊರಿನಿಂದಲೇ ಅವರ ಗಾಯನ ಪದ್ಧತಿಗೆ ಕಿರಾನಾ ಘರಾಣೆ ಎಂಬ ಹೆಸರು. ಬರೋಡಾದಲ್ಲಿ ಇದ್ದು, ಮುಂಬೈಗೆ ಬಂದು, ಕೊನೆಗೆ ಮೀರಜನ್ನು ತಮ್ಮ ಊರು ಮಾಡಿಕೊಂಡರು. ಅಲ್ಲಿಯ ಮೀರಾಸಾಹೇಬರ ದರ್ಗಾದ ಮೇಲೆ ಅವರಿಗೆ ತುಂಬ ಭಕ್ತಿ. ಮೈಸೂರು ಮಹಾರಾಜರು ಅವರನ್ನು ಹಾಡಲು ಕರೆಸುತ್ತಿದ್ದರು. ಮೀರಜಿನಿಂದ ಮೈಸೂರಿಗೆ ಹೋಗುವಾಗ ಬರುವಾಗ ನಮ್ಮ ಈ ಸೀಮೆ ದಾರಿಯಲ್ಲೇ ಸಿಗುತ್ತದೆ. ಹೀಗೆ ಅವರು ಕುಂದಗೋಳದ ನಾಡಗೀರರ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು. ರಾತ್ರಿ ಹಾಡು ನಡೆಯುತ್ತಿತ್ತು.

ಕಾರಕೂನರ ಮಗನಿಗೆ ವಾಡೆಯಲ್ಲಿ ಓಡಾಡಲು ಯಾರ ಅಡ್ಡಿಯೂ ಇರಲಿಲ್ಲ. ಅವನು ಖಾನ್ ಸಾಹೇಬರ ಹಾಡು ಕೇಳಿದ. ಕೇಳಿದ್ದನ್ನು ಆಮೇಲೆ ತನ್ನಷ್ಟಕ್ಕೆ ಗುನುಗುತ್ತ ತಿರುಗಿದ. ಮನೆಯ ಹಿರಿಯರು ಇದನ್ನು ಗಮನಿಸಿ ಈ ಹುಡುಗನನ್ನು ಶಿಷ್ಯನಾಗಿ ಇಟ್ಟುಕೊಳ್ಳಬೇಕೆಂದು ಖಾನ್ ಸಾಹೇಬರನ್ನು ಕೇಳಿಕೊಂಡರು. ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಹುಡುಗ ಎಂಟು ವರ್ಷ ತಮ್ಮ ಜೊತೆಯಲ್ಲೇ ಇರಬೇಕು. ನಡುವೆ ಬಿಟ್ಟು ಹೋಗುವಂತಿಲ್ಲ.

ನಾನು ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದೆ. ನಾವು ಪಾಲುದಾರಿಕೆ ಪಾಠದಲ್ಲಿ ಒಪ್ಪಂದ ಪತ್ರದ ಬಗ್ಗೆ ಓದುತ್ತೇವೆ. ಯಾರು ಎಷ್ಟು ಬಂಡವಾಳ ಹಾಕುತ್ತಾರೆ, ಲಾಭ ಹೇಗೆ ಹಂಚಿಕೊಳ್ಳುತ್ತಾರೆ, ಎಷ್ಟು ವರ್ಷಕ್ಕೆ, ಎಲ್ಲವನ್ನೂ ಮೊದಲೇ ಬರೆದುಕೊಳ್ಳಬೇಕು. ಇಲ್ಲಿ ಗುರುವಿನ ಬಂಡವಾಳ ವಿದ್ಯೆ. ಹುಡುಗನ ಬಂಡವಾಳ ಅವನ ಎಂಟು ವರ್ಷ. ಲಾಭದ ಬಗ್ಗೆ ಮಾತೇ ಇಲ್ಲ. ಹೀಗಿದ್ದರೂ ಎರಡೂ ಕಡೆಯವರು ಒಪ್ಪಿದರು. ಹದಿಹರೆಯದ ಹುಡುಗನೊಬ್ಬ ಸಂಗೀತವನ್ನು ಯಾಕೆ ಆರಿಸಿಕೊಳ್ಳುತ್ತಾನೆ ಎಂದು ಯಾರಾದರೂ ಕೇಳಿದರೆ ಅವನಿಗೆ ಕಂಠ ಇತ್ತು ಎನ್ನುತ್ತೇವೆ. ರಾಮಭಾವುವಿನ ವಿಷಯದಲ್ಲಿ ಅದೂ ಪೂರ್ತಿ ನಿಜವಲ್ಲ.

ಯಾಕೆಂದರೆ ಅವನ ಧ್ವನಿ ಸುಲಭವಾಗಿ ಬಾಗುವ ಧ್ವನಿ ಆಗಿರಲಿಲ್ಲ. ಗಂಡು ಹುಡುಗರಿಗೆ ಆ ವಯಸ್ಸಿನಲ್ಲಿ ಧ್ವನಿ ಒಡೆಯುತ್ತದೆ. ಖಾನ್ ಸಾಹೇಬರ ಧ್ವನಿಯೋ ತೆಳುವಾಗಿ, ಇಂಪಾಗಿ, ಎಷ್ಟು ಎತ್ತರಕ್ಕೆ ಬೇಕಾದರೂ ಹೋಗುವಂಥದ್ದು. ಅಂಥವರ ಮುಂದೆ ಒರಟು ಧ್ವನಿಯ ಹುಡುಗ ಕುಳಿತು ಹಾಡಬೇಕು. ಕಿರಾನಾ ಪದ್ಧತಿಯಲ್ಲಿ ಸ್ವರವೇ ಮುಖ್ಯ. ಒಂದೊಂದೇ ಸ್ವರವನ್ನು ಹಿಡಿದು, ನಿಲ್ಲಿಸಿ, ನಿಧಾನವಾಗಿ ರಾಗವನ್ನು ಬೆಳೆಸುತ್ತ ಹೋಗಬೇಕು. ಸ್ವರ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುತ್ತದೆ. ತಾನುಗಳ ಓಟದಲ್ಲಿ ತಪ್ಪು ಮುಚ್ಚಿಕೊಳ್ಳಲು ಇಲ್ಲಿ ಆಗುವುದಿಲ್ಲ. ರಾಮಭಾವು ವರ್ಷಗಟ್ಟಲೆ ಅದನ್ನೇ ಮಾಡಿದ. ದೊಡ್ಡ ಗಾಯಕರಾದ ಮೇಲೂ ಕಛೇರಿಯ ಆರಂಭದಲ್ಲಿ ಅವರ ಧ್ವನಿ ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಹದಕ್ಕೆ ಬಂದ ಮೇಲೆ ಕೇಳುಗರು ಏಳುತ್ತಿರಲಿಲ್ಲ. ಅವರು ಗುರುವಿನ ಧ್ವನಿಯನ್ನು ನಕಲು ಮಾಡಲಿಲ್ಲ, ಮಾಡಲು ಆಗುತ್ತಲೂ ಇರಲಿಲ್ಲ. ತಮ್ಮ ಧ್ವನಿಯನ್ನೇ ದುಡಿಸಿದರು.

ಇಲ್ಲಿಗೆ ಕತೆ ನಿಂತಿದ್ದರೆ ನಾನು ತಮ್ಮನ ಪರ ಸುಲಭವಾಗಿ ವಾದ ಮಾಡಬಹುದಿತ್ತು. ಆದರೆ ಮುಂದಿನ ಭಾಗ ಅಬ್ಬಾನ ಪರ ಇದೆ. ಕಲಿತ ಮೇಲೆ ರಾಮಭಾವು ಹೊಟ್ಟೆಪಾಡಿಗೆ ನಾಟಕ ಕಂಪನಿ ಸೇರಿದರು. ಗುರುಗಳಿಗೆ ಇದು ಇಷ್ಟವಿರಲಿಲ್ಲ. ಇಷ್ಟು ಶ್ರಮದಿಂದ ಹದ ಮಾಡಿದ ಧ್ವನಿಯನ್ನು ರಾತ್ರಿಯಿಡೀ ರಂಗದ ಮೇಲೆ ಸವೆಸುವುದು ಯಾವ ಗುರುವಿಗೆ ಇಷ್ಟವಾದೀತು? ಆದರೆ ಆ ಕಾಲದಲ್ಲಿ ಗಾಯಕನಿಗೆ ತಿಂಗಳ ಸಂಬಳ ಸಿಗುವ ಜಾಗ ಅಂದರೆ ಒಂದು ರಾಜರ ಆಸ್ಥಾನ, ಇನ್ನೊಂದು ನಾಟಕ ಕಂಪನಿ. ಮರಾಠಿ ಸಂಗೀತ ನಾಟಕಗಳಿಗೆ ಆಗ ಬಹಳ ಬೇಡಿಕೆ ಇತ್ತು. ಹೆಂಗಸರು ರಂಗಕ್ಕೆ ಬರುತ್ತಿರಲಿಲ್ಲವಾದ್ದರಿಂದ ರಾಮಭಾವು ಸ್ತ್ರೀಪಾತ್ರಗಳನ್ನೂ ಮಾಡಿದರು.

ಬಿರುದು ಸಿಕ್ಕಿದ್ದೂ ಅಲ್ಲೇ. ಆಗ ಮರಾಠಿ ರಂಗಭೂಮಿಯ ದೊಡ್ಡ ಹೆಸರು ಬಾಲಗಂಧರ್ವ. ರಾಮಭಾವುವಿನ ಹಾಡು ಕೇಳಿದ ರಸಿಕರು ಇವರನ್ನು ಸವಾಯಿ ಗಂಧರ್ವ ಎಂದು ಕರೆದರು. ಸವಾಯಿ ಎಂದರೆ ಏನು ಎಂದು ಕನ್ನಡ ಸ್ನೇಹಿತೆಯರು ನನ್ನನ್ನು ಕೇಳಿದರು. ನಮ್ಮ ಮನೆಯ ಉರ್ದುವಿನಲ್ಲಿ ಸವಾ ಎಂದರೆ ಒಂದೂಕಾಲು. ದಾದಿ ಈಗಲೂ ಸವಾ ಕಿಲೋ ಸಕ್ಕರೆ ತಾ ಎನ್ನುತ್ತಾರೆ. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂಬ ಅರ್ಥ. ಲೆಕ್ಕದ ಭಾಷೆಯಲ್ಲಿ ಶೇಕಡಾ 25 ಹೆಚ್ಚಳ! ನಮ್ಮ ಮನೆಯ ಒಂದು ಸಣ್ಣ ಶಬ್ದ ಅಷ್ಟು ದೊಡ್ಡ ಗಾಯಕರ ಹೆಸರಿನಲ್ಲಿ ಕುಳಿತಿದೆ ಎಂದು ತಿಳಿದು ನನಗೆ ಖುಷಿಯಾಯಿತು.

ಆದರೂ ನಾಟಕದ ಬದುಕು ಕೊನೆತನಕ ನಡೆಯುವಂಥದ್ದಲ್ಲ. ಸಿನಿಮಾ ಬಂದ ಮೇಲೆ ಕಂಪನಿಗಳು ಒಂದೊಂದಾಗಿ ಸೊರಗಿದವು. ಸವಾಯಿ ಗಂಧರ್ವರು ಕಂಪನಿ ಬಿಟ್ಟು ಕಛೇರಿಗಳನ್ನು ಮಾಡುತ್ತ, ಕುಂದಗೋಳಕ್ಕೆ ಮರಳಿ ಶಿಷ್ಯರಿಗೆ ಕಲಿಸತೊಡಗಿದರು. ನನ್ನ ಮಟ್ಟಿಗೆ ಅವರ ಜೀವನದ ದೊಡ್ಡ ಭಾಗ ಇದೇ.

ರೋಣದ ಭೀಮಸೇನ ಜೋಶಿ ಎಂಬ ಹುಡುಗ 1933ರಲ್ಲಿ ಮನೆ ಬಿಟ್ಟು ಓಡಿ ಹೋಗಿದ್ದ. ಆಗ ಅವನಿಗೆ 11 ವರ್ಷ. ಕಾರಣ ಒಂದು ಗ್ರಾಮಫೋನ್ ತಟ್ಟೆ. ಅದರಲ್ಲಿದ್ದದ್ದು ಅಬ್ದುಲ್ ಕರೀಂ ಖಾನ್ ಸಾಹೇಬರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ. ಹಾಗೆ ಹಾಡಲು ಕಲಿಯಬೇಕು ಎಂದು ಗುರುವನ್ನು ಹುಡುಕುತ್ತ ರೈಲಿನಲ್ಲಿ ಗ್ವಾಲಿಯರ್, ರಾಮಪುರ, ಜಲಂಧರ್ ತನಕ ಅಲೆದ. ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ತನ್ನದೇ ಸೀಮೆಯ ಕುಂದಗೋಳದಲ್ಲಿ. 1936ರಿಂದ ಕೆಲವು ವರ್ಷ ಅವನು ಸವಾಯಿ ಗಂಧರ್ವರ ಮನೆಯಲ್ಲಿದ್ದ. ದೂರದಿಂದ ನೀರು ಹೊತ್ತು ತಂದ. ಮನೆಗೆಲಸ ಮಾಡಿದ. ಕಲಿತದ್ದು ಮುಖ್ಯವಾಗಿ ಮೂರು ರಾಗ: ಬೆಳಿಗ್ಗೆ ತೋಡಿ, ಮಧ್ಯಾಹ್ನದ ಮೇಲೆ ಮುಲ್ತಾನಿ, ಸಂಜೆ ಪೂರಿಯಾ. ಮೂರು ರಾಗಕ್ಕೆ ಇಷ್ಟು ವರ್ಷವೇ ಎಂದು ನಮಗೆ ಅನಿಸುತ್ತದೆ. ಅವೇ ಗಟ್ಟಿಯಾದರೆ ಉಳಿದ ರಾಗಗಳಿಗೆ ದಾರಿ ತೆರೆಯುತ್ತದೆ ಎಂಬುದು ಆ ಪಾಠದ ಕ್ರಮ. ನಮ್ಮ ಲೆಕ್ಕಶಾಸ್ತ್ರದಲ್ಲೂ ಜರ್ನಲ್ ಎಂಟ್ರಿ ಗಟ್ಟಿಯಾಗದೆ ಮುಂದಿನದು ಬರುವುದಿಲ್ಲ. ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಗಂಗೂಬಾಯಿ ಹಾನಗಲ್ಲರ ಓದು ಐದನೇ ಇಯತ್ತೆಗೆ ನಿಂತಿತ್ತು. ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮನೆಗೆ ಮರಳುತ್ತಿದ್ದರು. ಮಕ್ಕಳು ಮನೆ ನೋಡಿಕೊಳ್ಳುತ್ತ ಕಲಿತರು. ಹೆಣ್ಣುಮಗಳು ಹಾಡು ಕಲಿಯಲು ಹೀಗೆ ಓಡಾಡಿದರೆ ಮಂದಿ ಆಗ ಏನೇನು ಅಂದಿರಬಹುದು ಎಂದು ನಮಗೆ, ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗಿಯರಿಗೆ, ಬಿಡಿಸಿ ಹೇಳಬೇಕಾಗಿಲ್ಲ. ಮುಂಬೈಯ ಪಾರ್ಸಿ ಮನೆತನದ ಫಿರೋಜ್ ದಸ್ತೂರ್ ಕೂಡ ಇವರ ಶಿಷ್ಯರು. ಧಾರವಾಡದ ಬಸವರಾಜ ರಾಜಗುರು ಅವರಿಗೂ ಇವರಿಂದ ಪಾಠವಾಗಿದೆ. ಕೈರಾನಾದ ಮುಸ್ಲಿಂ ಉಸ್ತಾದರು ಬ್ರಾಹ್ಮಣ ಕಾರಕೂನರ ಮಗನಿಗೆ ಕೊಟ್ಟ ವಿದ್ಯೆ ಹೀಗೆ ಮನೆಯಿಂದ ಮನೆಗೆ ಹೋಯಿತು. ನಮ್ಮ ದಾಂಡೇಲಿಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ಕೊಂಕಣಿ ಕೇಳುತ್ತವೆ. ಅವರ ಮನೆಯ ಪಾಠದ ಕೋಣೆಯೂ ಹೆಚ್ಚುಕಡಿಮೆ ಹಾಗೇ ಇದ್ದಿರಬೇಕು.

ಅಬ್ದುಲ್ ಕರೀಂ ಖಾನ್ ಸಾಹೇಬರು 1937ರ ಅಕ್ಟೋಬರ್ 27ರಂದು ತೀರಿಕೊಂಡರು. ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ನಮಾಜು ಮಾಡಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆದು ಕಣ್ಣು ಮುಚ್ಚಿದರು ಎಂದು ಹೇಳುತ್ತಾರೆ. ಮೀರಜಿನಲ್ಲಿ ಅವರ ಮಣ್ಣಾಯಿತು. ಅಲ್ಲಿಯ ದರ್ಗಾದ ಉರುಸಿನಲ್ಲಿ ಅವರ ನೆನಪಿಗೆ ಇಂದಿಗೂ ಗಾಯಕರು ಬಂದು ಹಾಡುತ್ತಾರೆ. ಶಿಷ್ಯ ಸವಾಯಿ ಗಂಧರ್ವರಿಗೆ 1940ರ ದಶಕದಲ್ಲಿ ಪಾರ್ಶ್ವವಾಯು ಹೊಡೆಯಿತು. ಸಭೆಗಳಲ್ಲಿ ಹಾಡುವುದು ನಿಂತಿತು. ಕಲಿಸುವುದನ್ನು ಬಿಡಲಿಲ್ಲ. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಭೀಮಸೇನ ಜೋಶಿಯವರು ಅದನ್ನು ದೇಶದ ದೊಡ್ಡ ಉತ್ಸವಗಳಲ್ಲಿ ಒಂದಾಗಿ ಬೆಳೆಸಿದರು. ಕುಂದಗೋಳದ ಅದೇ ನಾಡಗೀರರ ವಾಡೆಯಲ್ಲೂ ಅವರ ಪುಣ್ಯತಿಥಿಗೆ ಹಾಡು ನಡೆಯುತ್ತದೆ.

ಇಷ್ಟು ಓದಿ ನಾನು ಅಬ್ಬಾ ಹೇಳಿದಂತೆ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಬರೆಯಲು ಕುಳಿತೆ. ಎಡಕ್ಕೆ ಖರ್ಚು. ಎಂಟು ವರ್ಷ ಎಂದರೆ ತಮ್ಮನಿಗೆ 23 ಆಗುತ್ತದೆ. ಸಂಪಾದನೆಯ ಖಾತ್ರಿ ಇಲ್ಲ. ಸವಾಯಿ ಗಂಧರ್ವರಂಥವರೇ ಹೊಟ್ಟೆಪಾಡಿಗೆ ಗುರುವಿಗೆ ಇಷ್ಟವಿಲ್ಲದ ದಾರಿ ಹಿಡಿಯಬೇಕಾಯಿತು. ಅವರ ಬೆನ್ನಿಗೆ ಒಂದು ವಾಡೆ ಇತ್ತು, ನಮ್ಮ ಬೆನ್ನಿಗೆ ಅಬ್ಬಾನ ಗ್ಯಾರೇಜು ಮಾತ್ರ ಇದೆ. ಇದನ್ನೆಲ್ಲ ಮುಚ್ಚಿಡದೆ ಬರೆದೆ. ನನ್ನ ಆಸೆ ಸಿ.ಎ. ಮಾಡಬೇಕೆಂಬುದು. ಅದಕ್ಕೂ ಐದಾರು ವರ್ಷ ಬೇಕು, ಪಾಸಾಗುವ ಖಾತ್ರಿ ಅಲ್ಲಿಯೂ ಇಲ್ಲ. ನನ್ನನ್ನು ಯಾರೂ ಲೆಕ್ಕ ಕೇಳಲಿಲ್ಲ. ಅದನ್ನೂ ಬರೆದೆ.

ಬಲಕ್ಕೆ ಬರೆಯುವ ಮೊದಲು ತಮ್ಮನನ್ನೇ ಕೇಳಿದೆ, ಯಾಕೆ ಸಂಗೀತ ಎಂದು. ಅವನು ಹತ್ತು ವರ್ಷದವನಿದ್ದಾಗ ಮಿಲಾದ್ ಜಲ್ಸಾದಲ್ಲಿ ನಾತ್ ಓದಿದ್ದ. ಎಲ್ಲರೂ ಮೆಚ್ಚಿದರು. ಆ ಮೆಚ್ಚುಗೆಗಾಗಿಯೇ ಅಂತ ನಾನು ತಿಳಿದಿದ್ದೆ. ಅವನು ಹೇಳಿದ್ದು ಬೇರೆ. ಅಂದು ಒಂದು ಕಡೆ ಸ್ವರ ತಪ್ಪಿತ್ತಂತೆ. ಯಾರಿಗೂ ಗೊತ್ತಾಗಲಿಲ್ಲ, ಅವನಿಗೆ ಗೊತ್ತಾಯಿತು. ಎಲ್ಲಿ, ಯಾಕೆ ತಪ್ಪಿತು ಎಂದು ಹೇಳಿಕೊಡುವವರು ಬೇಕು ಎಂದು ಅಂದಿನಿಂದ ಅನಿಸುತ್ತಿದೆಯಂತೆ. ಶಾಲೆಯಲ್ಲಿ ಸಂಗೀತದ ಪೀರಿಯಡ್ ವೇಳಾಪಟ್ಟಿಯಲ್ಲಿ ಇತ್ತು, ಆ ಹೊತ್ತಿನಲ್ಲಿ ಗಣಿತ ನಡೆಯುತ್ತಿತ್ತು. ನಮ್ಮ ಸುತ್ತ ಹಾಡು ಕಡಿಮೆಯೇನಿಲ್ಲ. ಹಳಿಯಾಳದ ಕಡೆ ಸಿದ್ದಿ ಹುಡುಗರು ಹಿರಿಯರ ಜೊತೆ ಕುಳಿತು ಡಮಾಮಿ ಬಾರಿಸಲು ಕಲಿಯುತ್ತಾರೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ನನ್ನ ತಮ್ಮನ ವಯಸ್ಸಿನ ಸನ್ಯಾಸಿಗಳು ಮಂತ್ರ ಹೇಳುವುದನ್ನು ಕಲಿಯುತ್ತಾರೆ. ಅವರಿಗೆಲ್ಲ ತಿದ್ದುವವರು ಪಕ್ಕದಲ್ಲೇ ಇದ್ದಾರೆ. ಇವನಿಗೆ ಇಲ್ಲ.

ಆಗ ನನಗೆ ಅರ್ಥವಾಯಿತು. ರಾಮಭಾವು ಆರಿಸಿಕೊಂಡದ್ದು ಒಂದು ವಿಷಯವನ್ನಲ್ಲ, ತನ್ನನ್ನು ತಿದ್ದುವ ಒಬ್ಬ ಮನುಷ್ಯನನ್ನು. ಭೀಮಸೇನ ಓಡಿ ಹೋದದ್ದೂ ಶಾಲೆಯಿಂದ ತಪ್ಪಿಸಿಕೊಳ್ಳಲು ಅಲ್ಲ, ಇನ್ನೂ ಕಷ್ಟದ ಒಂದು ಶಾಲೆ ಹುಡುಕಲು. ಓದಲು ಬೇಸರವಾಗಿ ಸಂಗೀತಕ್ಕೆ ಹೋಗುತ್ತೇನೆ ಎನ್ನುವವರು ಇದನ್ನು ತಿಳಿಯಬೇಕು. ಅಲ್ಲಿ ಇನ್ನೂ ಬೇಗ ಏಳಬೇಕು.

ಬಲಗಡೆ ನಾನು ಇಷ್ಟೇ ಬರೆದು ಅಬ್ಬಾನಿಗೆ ನೋಟ್‌ಬುಕ್ ಕೊಟ್ಟೆ. ಅವರು ಎರಡು ಸಲ ಓದಿದರು. ಕಾಲೇಜು, ಫೀಸು, ನೌಕರಿ ಯಾವುದನ್ನೂ ಕೇಳಲಿಲ್ಲ. ಇವನಿಗೆ ಉಸ್ತಾದ್ ಯಾರು ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಅಬ್ಬಾನೇ ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಹಾಡು ಕಲಿಸುವವರ ಮುಂದೆ ಕೂರಿಸುತ್ತಾರಂತೆ. ಅವರು ಆಗಲಿ ಎಂದರೆ ಮುಂದಿನ ಮಾತು. ದಾದಿಯದೂ ಒಂದು ಷರತ್ತು ಇದೆ. ಹಾಡು ಕಲಿತರೂ ನಮಾಜು ತಪ್ಪಬಾರದು. ನಾನು ಅವರಿಗೆ ಆ ಸಣ್ಣ ರೈಲ್ವೆ ಸ್ಟೇಷನ್ನಿನ ಕತೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು ತಸ್ಬೀ ತಿರುಗಿಸಿದರು.

ತಮ್ಮನ ಧ್ವನಿ ಈಗ ಒಡೆಯುತ್ತಿದೆ. ಫಜರ್ ಆದ ಮೇಲೆ ಹಿತ್ತಲಲ್ಲಿ ನಿಂತು ಒಂದೇ ಸ್ವರ ಹಿಡಿಯಲು ನೋಡುತ್ತಾನೆ. ಅರ್ಧದಲ್ಲಿ ಧ್ವನಿ ಬಿರುಕು ಬಿಡುತ್ತದೆ, ಪಕ್ಕದ ಮನೆಯ ಮಕ್ಕಳು ನಗುತ್ತಾರೆ. ಅವನು ಮತ್ತೆ ಹಿಡಿಯುತ್ತಾನೆ. ನಾನು ಒಳಗೆ ಕುಳಿತು ಪಾಲುದಾರಿಕೆಯ ಲೆಕ್ಕ ಮಾಡುತ್ತಿರುತ್ತೇನೆ. ಟ್ಯಾಲಿ ಆಗದಿದ್ದರೆ ನಾನೂ ಮೊದಲಿಂದ ಶುರು ಮಾಡುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ